ಮೂಲದಲ್ಲಿಲ್ಲ ಮಾವ

ಅವರ ನಿಜವಾದ ಹೆಸರು ಬೇಡ. ಬ್ರಾಂಪ್ಟನ್‌ನಲ್ಲಿ ಒಬ್ಬರಿದ್ದಾರೆ, ಮಿಸಿಸಾಗಾದಲ್ಲಿ ಇನ್ನೊಬ್ಬರು, ಸ್ಕಾರ್ಬರೊದಲ್ಲಿ ಮತ್ತೊಬ್ಬರು ಇಲ್ಲದಿದ್ದರೇ ಆಶ್ಚರ್ಯ. ಎಲ್ಲರಿಗೂ ಸೇರಿಸಿ ನಾವು ಇಟ್ಟಿರುವ ಹೆಸರು ಒಂದೇ: ಮೂಲದಲ್ಲಿಲ್ಲ ಮಾವ. ಬೈಬಲ್ ಕತೆಯ ಸಿನಿಮಾ ಯಾವುದಾದರೂ ಹಾಕಿ, ತೆರೆಯ ಮೇಲೆ ನಟರ ಹೆಸರು ಮುಗಿಯುವ ಮೊದಲೇ ಸೋಫಾದ ಮೂಲೆಯಿಂದ ತೀರ್ಪು ಬರುತ್ತದೆ: "ಇದು ಮೂಲದಲ್ಲಿ ಇಲ್ಲ."

ಮಾವ ಕರಾವಳಿಯವರು. ಅಜ್ಜ ಮಂಗಳೂರಿನ ಜೆಪ್ಪುವಿನಲ್ಲಿ, 1865ರಲ್ಲಿ ಶುರುವಾದ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ವಚನ ಬಾಯಿಪಾಠ ಒಪ್ಪಿಸದೆ ಭಾನುವಾರದ ಬೆಳಗಿನ ತಿಂಡಿ ಸಿಗದ ಮನೆ. ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿ ಮಗನ ಹಿಂದೆ ಕೆನಡಾಕ್ಕೆ ಬಂದಾಗ ಸೂಟ್‌ಕೇಸಿನಲ್ಲಿ ಇದ್ದದ್ದು ಕುಚ್ಚಲಕ್ಕಿ, ಅತ್ತೆ ಬಟ್ಟೆಯ ನಡುವೆ ಅಡಗಿಸಿದ್ದ ಒಣಮೀನು, ಹೊಲಿಗೆ ಬಿಚ್ಚಿದ ಕನ್ನಡ ಸತ್ಯವೇದ. ಅಕ್ಕಿ ಮೀನು ಎರಡೂ ಮೊದಲ ಚಳಿಗಾಲದಲ್ಲೇ ಮುಗಿದವು. ಉಳಿದದ್ದು ಈಗ ಬೇಸ್‌ಮೆಂಟಿನಲ್ಲಿ, ಟಿವಿಯ ಪಕ್ಕದ ಸ್ಟೂಲಿನ ಮೇಲೆ, ಪ್ಲಾಸ್ಟಿಕ್ ಕವರು ತೊಟ್ಟ ರಿಮೋಟಿನ ಜೊತೆ ಇರುತ್ತದೆ. ಆ ರಿಮೋಟಿನಲ್ಲಿ ಪಾಸ್ ಗುಂಡಿಯ ಮೇಲಿನ ಗುರುತು ಅಳಿಸಿಹೋಗಿದೆ.

ಮಾವನ ವರ್ಷದಲ್ಲಿ ದೊಡ್ಡ ಹಬ್ಬ ಈಸ್ಟರಿನ ಹಿಂದಿನ ಶನಿವಾರ. ಆ ರಾತ್ರಿ ಅಮೆರಿಕದ ಎಬಿಸಿ ವಾಹಿನಿ ಸೆಸಿಲ್ ಬಿ. ಡಿಮಿಲ್‌ನ 1956ರ 'ದಿ ಟೆನ್ ಕಮ್ಯಾಂಡ್‌ಮೆಂಟ್ಸ್' ಹಾಕುವುದು ದಶಕಗಳ ವಾಡಿಕೆ. ಗಡಿಯಾಚೆಯ ಬಫಲೊದ ಚಾನೆಲ್ ನಮ್ಮ ಟೊರೊಂಟೊ ಕಡೆಯ ಮನೆಗಳಿಗೂ ಬರುತ್ತದೆ. ಚಿತ್ರವೇ ಮೂರೂಮುಕ್ಕಾಲು ಗಂಟೆಯ ಹತ್ತಿರ. ಜಾಹೀರಾತು ಸೇರಿದರೆ ಸಂಜೆ ಏಳಕ್ಕೆ ಕೂತವರು ಏಳುವಾಗ ನಡುರಾತ್ರಿ. ಮಾವ ಜಾಹೀರಾತನ್ನು ದ್ವೇಷಿಸುವುದಿಲ್ಲ. ವಾದಿಸಲು ಬೇಕಾದ ಸಮಯ ಸಿಗುವುದೇ ಆಗ.

"ಮೋಶೆ ಫರೋಹನ ಮುಂದೆ ನಿಂತಾಗ ಅವನ ವಯಸ್ಸೆಷ್ಟು?" ಎಂದು ಕೇಳುತ್ತಾರೆ. ಯಾರಿಗೂ ಗೊತ್ತಿಲ್ಲ. "ಎಂಬತ್ತು! ವಿಮೋಚನಕಾಂಡ ಏಳನೇ ಅಧ್ಯಾಯ. ಅಣ್ಣ ಆರೋನನಿಗೆ ಎಂಬತ್ತಮೂರು. ಇಲ್ಲಿ ನೋಡಿ, ಚಾರ್ಲ್ಟನ್ ಹೆಸ್ಟನ್ ಗಡ್ಡಕ್ಕೆ ಬಿಳಿ ಬಳಿದುಕೊಂಡು ಎದೆಯುಬ್ಬಿಸಿ ನಿಂತಿದ್ದಾನೆ. ಮಂಡಿನೋವು ಉಂಟಾ ಇವನಿಗೆ? ಇಲ್ಲ." ಮಾವನಿಗೆ ಉಂಟು. ಈ ಆಕ್ಷೇಪಣೆಯಲ್ಲಿ ಸ್ವಲ್ಪ ಸ್ವಾರ್ಥವಿದೆ ಎಂದು ನನ್ನ ಗುಮಾನಿ.

ಮುಂದೆ ಫರೋಹನ ಸರದಿ. ಮೂಲದಲ್ಲಿ ಅವನಿಗೆ ಹೆಸರೇ ಇಲ್ಲ, ರಾಮ್ಸೆಸ್ ಎಂದು ನಾಮಕರಣ ಮಾಡಿದವರು ಯಾರು? ಆಮೇಲೆ ಮೋಶೆಯ ಹಿಂದೆ ಸುಳಿಯುವ ರಾಣಿ ನೆಫ್ರೆತಿರಿ. ಆಕೆ ತೆರೆಗೆ ಬಂದಾಗಲೆಲ್ಲ ಮಾವ ಸತ್ಯವೇದವನ್ನು ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡು, "ಈ ಹೆಂಗಸು ಎಲ್ಲಿಂದ ಬಂದಳು ಮಾರಾಯ್ರೆ?" ಎನ್ನುತ್ತಾರೆ. ಕಣ್ಣು ಮಾತ್ರ ಮುಚ್ಚುವುದಿಲ್ಲ. ಕೊನೆಗೆ ಸಮುದ್ರ. ಡಿಮಿಲ್ ದೊಡ್ಡ ತೊಟ್ಟಿಗೆ ನೀರು ಸುರಿಸಿ ಚಿತ್ರಿಸಿ, ಅದನ್ನೇ ಹಿಂದುಮುಂದಾಗಿ ಓಡಿಸಿ ಕೆಂಪುಸಮುದ್ರವನ್ನು ಸೀಳಿದ್ದು. ಆ ಕೈಚಳಕಕ್ಕೆ ಆಸ್ಕರ್ ಕೂಡ ಬಂತು. ಮಾವನ ಲೆಕ್ಕದಲ್ಲಿ ಅದು ಅವಸರದ ಕೆಲಸ. ರಾತ್ರಿಯಿಡೀ ಮೂಡುಗಾಳಿ ಬೀಸಿ ನೀರು ಹಿಂದೆ ಸರಿದದ್ದೇ ಹೊರತು ಬಾಗಿಲು ತೆರೆದ ಹಾಗೆ ಅಲ್ಲ.

"ರಾತ್ರಿಯಿಡೀ ಗಾಳಿ ತೋರಿಸಿದರೆ ನೀವೇ ಮೊದಲು ಗೊರಕೆ ಹೊಡೆಯುವುದು," ಎಂದು ಅತ್ತೆ ಮೆಟ್ಟಿಲ ಮೇಲಿನಿಂದ ಹೇಳುತ್ತಾರೆ.

ಇದಕ್ಕಿಂತ ಮಾವನಿಗೆ ಕೋಪ ಬರಿಸುವುದು ಡಿವಿಡಿಯಲ್ಲಿ ಚಿತ್ರಕ್ಕೆ ಮೊದಲು ಬರುವ ದೃಶ್ಯ. ಅಲ್ಲಿ ಡಿಮಿಲ್ ಖುದ್ದಾಗಿ ಪರದೆ ಸರಿಸಿ ಮುಂದೆ ಬಂದು, ಮೋಶೆಯ ಬದುಕಿನ ಸುಮಾರು 30 ವರ್ಷದ ಕತೆ ಬೈಬಲಿನಲ್ಲಿ ಸಿಗುವುದಿಲ್ಲ, ಅದನ್ನು ಫಿಲೊ, ಜೋಸೆಫಸ್ ಮೊದಲಾದ ಹಳೆಯ ಬರಹಗಾರರಿಂದ ತುಂಬಿಸಿದ್ದೇನೆ ಎನ್ನುತ್ತಾನೆ. ಕಳ್ಳನೇ ಠಾಣೆಗೆ ಬಂದು ಹೇಳಿಕೆ ಕೊಟ್ಟಿದ್ದಾನೆ, ಇನ್ನು ಹಿಡಿಯುವುದೇನು? ಮಾವನ ಮುಖ ಸಪ್ಪೆಯಾಗುತ್ತದೆ.

ಆ ಬೇಸ್‌ಮೆಂಟಿನಲ್ಲಿ ಬೇರೆ ಪ್ರೇಕ್ಷಕರೂ ಇರುತ್ತಾರೆ ಅನ್ನಿ. ಅತ್ತೆಯ ಮಟ್ಟಿಗೆ ಜಗತ್ತಿನಲ್ಲಿ ಇಂಥ ಸಿನಿಮಾ ಒಂದೇ, 1978ರ ತೆಲುಗಿನ 'ಕರುಣಾಮಯುಡು'. ಅದರಲ್ಲಿ ವಿಜಯಚಂದರ್ ಶಿಲುಬೆ ಹೊತ್ತು ನಡೆದ ಮೇಲೆ ಇನ್ಯಾರೂ ಅದನ್ನು ಹೊರುವ ಅಗತ್ಯ ಅವರಿಗೆ ಕಾಣುವುದಿಲ್ಲ. ಎದುರು ಮನೆಯ ಬೆಂಗಳೂರಿನ ಹುಡುಗ ಗ್ರಾಫಿಕ್ಸ್ ಮಾತ್ರ ನೋಡುತ್ತಾನೆ. ಹಾಸನದ ಒಬ್ಬರು ಪ್ರತಿ ದೃಶ್ಯಕ್ಕೂ 'ಬಭ್ರುವಾಹನ'ದ ಅಣ್ಣಾವ್ರನ್ನು ಎಳೆದು ತಂದು, ಹೆಸ್ಟನ್‌ಗೆ ಕಂಠವಿಲ್ಲ ಎಂದು ಮುಗಿಸುತ್ತಾರೆ. ಸೊಸೆ ಕೆಥೊಲಿಕ್, ಮಕ್ಕಳು ಸರ್ಕಾರದ ದುಡ್ಡಿನಲ್ಲೇ ನಡೆಯುವ ಒಂಟಾರಿಯೊದ ಕೆಥೊಲಿಕ್ ಶಾಲೆಗೆ ಹೋಗುತ್ತವೆ. ಕ್ರಿಸ್‌ಮಸ್ ನಾಟಕದಲ್ಲಿ ಮೊಮ್ಮಗಳಿಗೆ ಮೂರನೆಯ ಜೋಯಿಸನ ಪಾತ್ರ ಸಿಕ್ಕಿತ್ತು. ಮತ್ತಾಯ ಮೂರು ಕಾಣಿಕೆ ಹೇಳಿದ್ದಾನೆಯೇ ಹೊರತು ಮೂವರು ಜೋಯಿಸರು ಎಂದು ಎಲ್ಲೂ ಹೇಳಿಲ್ಲ, ಹಾಗಾಗಿ ನಿನ್ನ ಪಾತ್ರ ಮೂಲದಲ್ಲಿ ಉಂಟೋ ಇಲ್ಲವೋ ಖಚಿತವಿಲ್ಲ ಎಂದು ಮಾವ ಮಗುವಿಗೆ ತಿಳಿಸಿ ಹೇಳಿದರು. ಅಂದು ರಾತ್ರಿ ಆ ಮನೆಯಲ್ಲಿ ಯಾರೂ ಅವರೊಡನೆ ಮಾತಾಡಲಿಲ್ಲ.

2014 ಮಾವನ ಪಾಲಿಗೆ ಸುಗ್ಗಿಯ ವರ್ಷ. ಡ್ಯಾರೆನ್ ಅರೊನೊಫ್‌ಸ್ಕಿಯ 'ನೋಹ', ರಿಡ್ಲಿ ಸ್ಕಾಟ್‌ನ 'ಎಕ್ಸೋಡಸ್', ಎರಡೂ ಒಂದೇ ವರ್ಷ ಬಂದವು. 'ನೋಹ' ನೋಡಲು ಮಗ ಮಲ್ಟಿಪ್ಲೆಕ್ಸಿಗೆ ಕರೆದೊಯ್ದ. ಅಲ್ಲಿ ಪಾಸ್ ಗುಂಡಿ ಇರುವುದಿಲ್ಲ ಎನ್ನುವುದನ್ನು ಮನೆಯವರು ಯೋಚಿಸಿರಲಿಲ್ಲ. ಬಂಡೆಗಲ್ಲಿನ ದೈತ್ಯರು ಎದ್ದು ನಿಂತು ನಾವೆ ಕಟ್ಟಲು ತೊಡಗಿದಾಗ ಮಾವ ಉಸಿರು ಬಿಗಿಹಿಡಿದರು. ರಸೆಲ್ ಕ್ರೋ ಭಾಷಣ ಆರಂಭಿಸಿದಾಗ ತಡೆಯಲಾಗಲಿಲ್ಲ. ಆದಿಕಾಂಡದಲ್ಲಿ ನೋಹ ಮೊದಲ ಬಾರಿಗೆ ಬಾಯಿ ತೆರೆಯುವುದು ಒಂಬತ್ತನೆಯ ಅಧ್ಯಾಯದಲ್ಲಿ. ಜಲಪ್ರಳಯ ಮುಗಿದು, ದ್ರಾಕ್ಷಾರಸ ಕುಡಿದು ಮಲಗಿ, ಅಮಲು ಇಳಿದು ಎದ್ದ ಮೇಲೆ, ಅದೂ ಶಾಪ ಹಾಕುವುದಕ್ಕೆ. ಅಲ್ಲಿಯವರೆಗೆ ಒಂದು ಮಾತಿಲ್ಲ. ಇದನ್ನು ಮಾವ ಪಿಸುಗುಟ್ಟಿದರು; ಕಡಲ ಬದಿಯಲ್ಲಿ ಹುಟ್ಟಿದವರ ಪಿಸುಮಾತು ನಾಲ್ಕು ಸಾಲಿಗೆ ಕೇಳುತ್ತದೆ. ಆಮೇಲೆ ನಾವೆಯೊಳಗೆ ಬಚ್ಚಿಟ್ಟುಕೊಂಡ ತೂಬಲ್‌ಕಾಯಿನ ಕಾಣಿಸಿದ. "ಎಂಟು ಜನ! ನೋಹ, ಹೆಂಡತಿ, ಮೂವರು ಮಕ್ಕಳು, ಮೂವರು ಸೊಸೆಯರು. ಇಲ್ಲಿ ಇಬ್ಬರು ಸೊಸೆಯರನ್ನು ಕೆಳಗೆ ಬಿಟ್ಟು ಟಿಕೆಟ್ ಇಲ್ಲದವನನ್ನು ಹತ್ತಿಸಿದ್ದಾರೆ!" ಮುಂದಿನ ಸಾಲಿನ ಹೆಂಗಸು ತಿರುಗಿದಳು. ಮಗ ಸೀಟಿನಲ್ಲಿ ಕುಗ್ಗಿಹೋದ. ಆಕೆ ಗದರಲಿಲ್ಲ, ಆ ಮನುಷ್ಯ ನಿಜವಾಗಿಯೂ ಪುಸ್ತಕದ ನಾವೆಯಲ್ಲಿ ಇಲ್ಲವೇ ಎಂದು ಮೆಲ್ಲಗೆ ಕೇಳಿದಳು. ಮಾವನಿಗೆ ಕೆನಡಾ ಇಷ್ಟವಾದದ್ದು ಆ ದಿನ.

'ಎಕ್ಸೋಡಸ್' ಬಗ್ಗೆ ಅವರು ಹೆಚ್ಚು ಶ್ರಮಪಡಲಿಲ್ಲ. ಚರಿತ್ರೆಯ ತಪ್ಪುಗಳಿವೆ ಎಂದು ಈಜಿಪ್ಟ್ ಅದನ್ನು ನಿಷೇಧಿಸಿತ್ತು. "ಫರೋಹನ ಕಡೆಯವರೇ ತಗಾದೆ ತೆಗೆದ ಮೇಲೆ ನಮ್ಮದೇನು?"

ಇಷ್ಟು ಕಠೋರರಾದ ಮಾವ ಒಂದು ಕಡೆ ಮಾತ್ರ ಮೆದುವಾಗುತ್ತಾರೆ: ಟೊರೊಂಟೊದವರು ಮಾಡಿದ್ದಾದರೆ. 1973ರ 'ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್' ತೆಗೆದುಕೊಳ್ಳಿ. ಇಸ್ರೇಲಿನ ಮರಳುಗಾಡಿಗೆ ನಟರು ಬಸ್ಸಿನಲ್ಲಿ ಬಂದಿಳಿಯುತ್ತಾರೆ, ಯೂದ ಹಾಡುತ್ತಿರುವಾಗ ಹಿಂದಿನಿಂದ ಯುದ್ಧದ ಟ್ಯಾಂಕುಗಳು ಬರುತ್ತವೆ. ಬೇರೆ ಯಾರು ಮಾಡಿದ್ದರೂ ಮಾವ ರಿಮೋಟು ಎಸೆಯುತ್ತಿದ್ದರು. ಆದರೆ ನಿರ್ದೇಶಕ ನಾರ್ಮನ್ ಜೂವಿಸನ್ 1926ರಲ್ಲಿ ಇದೇ ಟೊರೊಂಟೊದಲ್ಲಿ ಹುಟ್ಟಿದವನು. "ಟಿಟಿಸಿ ಬಸ್ಸಿನ ಊರಿನವನು, ಬಸ್ಸು ತೋರಿಸದೆ ಇರುತ್ತಾನಾ?" ಎಂದು ನಕ್ಕುಬಿಡುತ್ತಾರೆ. ಮತ್ತಾಯನ ಸುವಾರ್ತೆಯನ್ನು ಕೋಡಂಗಿ ವೇಷದಲ್ಲಿ ಕುಣಿಸಿದ 'ಗಾಡ್‌ಸ್ಪೆಲ್' ನಾಟಕಕ್ಕೂ ಕ್ಷಮೆ ಉಂಟು. 1972ರಲ್ಲಿ ಟೊರೊಂಟೊದ ರಂಗದ ಮೇಲೆ ಅದನ್ನು ಆಡಿದ ಯೂಜಿನ್ ಲೆವಿ, ಮಾರ್ಟಿನ್ ಶಾರ್ಟ್, ಗಿಲ್ಡಾ ರಾಡ್ನರ್ ಮುಂದೆ ಉತ್ತರ ಅಮೆರಿಕವನ್ನೆಲ್ಲ ನಗಿಸಿದವರು. ಪೌರತ್ವದ ಪ್ರಮಾಣ ಮಾಡಿದ ಮೇಲೆ ಸತ್ಯವೇದದ ಮೇಲಿನ ನಿಷ್ಠೆಯಲ್ಲಿ ಊರಿಗೂ ಒಂದು ಪಾಲು ಹೋಗಿದೆ.

ಇದೇ ಊರಭಿಮಾನದಿಂದ ಅವರು ಪೇಚಿಗೆ ಸಿಕ್ಕಿದ್ದೂ ಉಂಟು. ಟೊರೊಂಟೊದ ಒಂದು ಕಂಪನಿ 2003ರಲ್ಲಿ 'ದಿ ಗಾಸ್ಪೆಲ್ ಆಫ್ ಜಾನ್' ಎಂಬ ಚಿತ್ರ ಮಾಡಿತು. ಮೂರು ಗಂಟೆಯ ಚಿತ್ರ. ಅಮೆರಿಕದ ಬೈಬಲ್ ಸೊಸೈಟಿಯ ಸರಳ ಇಂಗ್ಲಿಷ್ ಅನುವಾದದಲ್ಲಿರುವ ಯೋಹಾನನ ಸುವಾರ್ತೆಯನ್ನು ಮೊದಲಿನಿಂದ ಕೊನೆಯವರೆಗೆ ಹಾಗೆಯೇ ಇಟ್ಟಿದ್ದಾರೆ. ನಿರೂಪಣೆಯ ಧ್ವನಿ ಟೊರೊಂಟೊದಲ್ಲೇ ಹುಟ್ಟಿದ ಕ್ರಿಸ್ಟೊಫರ್ ಪ್ಲಮರ್‌ನದು. ಹಾಸನದವರು ಅದರ ಡಿವಿಡಿಯನ್ನು ಗ್ರಂಥಾಲಯದಿಂದ ಹುಡುಕಿ ತಂದರು. ಮಾವ ಕನ್ನಡಕ ಒರೆಸಿಕೊಂಡು, ಸತ್ಯವೇದ ಬಿಡಿಸಿ, ಸಾಲಿನ ಮೇಲೆ ಬೆರಳಿಟ್ಟು ಕುಳಿತರು. ಒಂದನೆಯ ಅಧ್ಯಾಯ, ಸರಿ. ಕಾನಾದ ಮದುವೆ, ಸರಿ. ಸಮಾರ್ಯದ ಹೆಂಗಸು, ಸರಿ. ರಿಮೋಟು ಸ್ಟೂಲಿನ ಮೇಲೇ ಇತ್ತು. ನಡುವೆ ಒಮ್ಮೆ ಹಿನ್ನೆಲೆ ಸಂಗೀತ ಮೂಲದಲ್ಲಿಲ್ಲ ಎಂದರು, ದನಿಯಲ್ಲಿ ಕಸುವಿರಲಿಲ್ಲ. ಹದಿನಾಲ್ಕನೆಯ ಅಧ್ಯಾಯದಿಂದ ಯೇಸು ಶಿಷ್ಯರಿಗೆ ಹೇಳುವ ಕೊನೆಯ ಮಾತುಗಳು ನಾಲ್ಕು ಅಧ್ಯಾಯದಷ್ಟು ಉದ್ದ. ಅಲ್ಲಿ ಬೆರಳು ಸಾಲು ತಪ್ಪಿತು, ತಲೆ ವಾಲಿತು.

"ಮಲಗಲಿ ಬಿಡಿ, ಗೆತ್ಸೇಮನೆಯಲ್ಲಿ ಶಿಷ್ಯರೂ ಹೀಗೆ ನಿದ್ದೆ ಮಾಡಿದ್ದರು," ಎಂದರು ಅತ್ತೆ.

ಕಣ್ಣು ಮುಚ್ಚಿಕೊಂಡೇ ಉತ್ತರ ಬಂತು: "ಅದು ಮತ್ತಾಯ, ಮಾರ್ಕ, ಲೂಕರಲ್ಲಿ. ಯೋಹಾನನಲ್ಲಿ ಇಲ್ಲ."

ಚಿತ್ರ ಮುಗಿದ ಮೇಲೆ ಅಭಿಪ್ರಾಯ ಕೇಳಿದೆವು. ಮಾವ ಬಹಳ ಹೊತ್ತು ಯೋಚಿಸಿ, "ತಪ್ಪಿಲ್ಲ. ಆದರೆ ನೋಡಲಿಕ್ಕೆ ಎಂಥದೂ ಇಲ್ಲ," ಎಂದರು.

ಆಗ ಹಾಸನದವರಿಗೆ ಧೈರ್ಯ ಬಂತು. ಮಾವ ತಾಳಮದ್ದಳೆಯ ಹುಚ್ಚಿನವರು ಎಂದು ಎಲ್ಲರಿಗೂ ಗೊತ್ತು. ಯೌವನದಲ್ಲಿ ಸೈಕಲ್ ತುಳಿದು ರಾತ್ರಿಯಿಡೀ ಅರ್ಥ ಕೇಳಿ, ಬೆಳಿಗ್ಗೆ ಚರ್ಚಿನ ಗಾಯನದಲ್ಲಿ ತೂಕಡಿಸಿದವರು. ಭಾಗವತರು ಹಾಡುವುದು ನಾಲ್ಕು ಸಾಲಿನ ಪದ್ಯ, ಅರ್ಥಧಾರಿ ಅದರ ಮೇಲೆ ಗಂಟೆಗಟ್ಟಲೆ ಕಟ್ಟುವ ಮಾತು ಎಲ್ಲವೂ ಅವನದೇ. "ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ರಾಮನಿಗೆ ಕೇಳಿದ ಪ್ರಶ್ನೆಗಳೆಲ್ಲ ಮೂಲದಲ್ಲಿ ಇದ್ದವಾ ಮಾವ?" ಎಂದರು ಹಾಸನದವರು.

ಬೇಸ್‌ಮೆಂಟಿನಲ್ಲಿ ಫರ್ನೇಸಿನ ಸದ್ದು ಬಿಟ್ಟರೆ ಬೇರೇನಿಲ್ಲ. ಮಾವ ಸತ್ಯವೇದದ ಬಿಚ್ಚಿದ ಹಾಳೆಗಳನ್ನು ತಟ್ಟಿ ಸರಿ ಮಾಡಿದರು. "ಶೇಣಿಯವರು ಮೂಲ ಓದಿ ದಾಟಿದವರು. ನಿಮ್ಮ ಹಾಲಿವುಡ್ಡಿನವ ಓದದೆ ದಾಟಿದವ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು 'ಗೊಲ್ಗೊಥಾ' ಬರೆಯಲಿಲ್ಲವಾ? ಅವರು ಕ್ರೈಸ್ತರಾ? ಓದಿ ಬರೆದರು. ನಾನು ಏನಾದರೂ ಹೇಳಿದೆನಾ ಅವರಿಗೆ?"

ಗೋವಿಂದ ಪೈಗಳು ತೀರಿಕೊಂಡಾಗ ಮಾವ ಇನ್ನೂ ಹುಡುಗ. ಅವರಿಗೆ ಏನಾದರೂ ಹೇಳುವ ಅವಕಾಶವೇ ಇರಲಿಲ್ಲ. ಆದರೂ ಈ ವಾದವನ್ನು ನಾನು ಒಪ್ಪಿಕೊಂಡೆ, ಈಗಲೂ ಒಪ್ಪುತ್ತೇನೆ. ಡಿಮಿಲ್ ಓದಿದವನಲ್ಲವೇ ಎಂದು ಕೇಳಬೇಕೆನಿಸಿತ್ತು. ಅಷ್ಟರಲ್ಲಿ ಊಟಕ್ಕೆ ಕರೆದರು.

ಇಂಥ ಮಾವ ನಿಮ್ಮ ಬಡಾವಣೆಯಲ್ಲೂ ಇದ್ದು, ಈಸ್ಟರ್ ಶನಿವಾರ ಕರೆದರೆ ತಪ್ಪದೆ ಹೋಗಿ. ವಿಮೋಚನಕಾಂಡದ ಮೊದಲ ಹದಿನೈದು ಅಧ್ಯಾಯ ಒಮ್ಮೆ ತಿರುವಿಹಾಕಿ, ಇಲ್ಲದಿದ್ದರೆ ಪ್ರಶ್ನೆ ನಿಮ್ಮ ಕಡೆಗೇ ಬರುತ್ತದೆ. ಊಟ ಮಾಡಿಕೊಂಡು ಹೋಗಬೇಡಿ, ಅತ್ತೆಯ ಕೋರಿ ರೊಟ್ಟಿ ಇರುತ್ತದೆ. ಚೀಲದ ಹಾಲು, ಬ್ರೆಡ್ಡು ಮೊದಲೇ ತಂದಿಟ್ಟುಕೊಳ್ಳಿ. ಮನೆಗೆ ಮರಳುವಾಗ ನಡುರಾತ್ರಿ ದಾಟಿರುತ್ತದೆ, ಮರುದಿನ ಈಸ್ಟರ್ ಭಾನುವಾರ ಒಂಟಾರಿಯೊದಲ್ಲಿ ಹೆಚ್ಚಿನ ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ.