ಅಳತೆ ಕೊಟ್ಟು ಹೊಲಿಸಿದ ತಂತ್ರಾಂಶ

ವ್ಯಾಪಾರದ ತಂತ್ರಾಂಶದಲ್ಲಿ ಎರಡು ಬಗೆ: ಅಂಗಡಿಯಲ್ಲಿ ಸಿಗುವ ಸಿದ್ಧ ಸರಕು, ಅಳತೆ ಕೊಟ್ಟು ಹೊಲಿಸುವ ಸರಕು. ಮೊದಲನೆಯದಕ್ಕೆ ಉದಾಹರಣೆ ಟ್ಯಾಲಿ. 1986ರಲ್ಲಿ ಶುರುವಾದ ಬೆಂಗಳೂರಿನ ಕಂಪನಿಯದು. ಎರಡನೆಯದಕ್ಕೆ ಉದಾಹರಣೆ ದಾವಣಗೆರೆಯ ಜವಳಿ ಸಾಹುಕಾರರೊಬ್ಬರ ಆಸೆ. ‘ರೆಡಿಮೇಡೇ ತಗೊಳ್ಳಿ, ದರ್ಜಿಯ ಸಹವಾಸ ಯಾಕೆ’ ಎಂದು ಗಿರಾಕಿಗಳಿಗೆ ದಿನವಿಡೀ ಹೇಳುವವರೂ ಇವರೇ.

“ಗುಮಾಸ್ತರೇ, ನಮ್ಮ ವ್ಯಾಪಾರ ಎಲ್ಲರಂಥದ್ದಲ್ಲ. ನಮಗೇ ಅಂತ ಒಂದು ಮಾಡಿಸೋಣ.”

“ಏನು ಬೇರೆ ಇದೆ ಸಾಹುಕಾರ್ರೇ? ತರ್ತೀವಿ, ಮಾರ್ತೀವಿ, ಉದ್ರಿ ಬರೀತೀವಿ.”

“ಉದ್ರಿಯಲ್ಲೇ ಇರೋದು! ಅಳಿಯಂದಿರ ಉದ್ರಿ ಕಾಣಬಾರದು, ಷಡ್ಡಕನದು ಕೆಂಪಕ್ಷರದಲ್ಲಿ ಕಾಣಬೇಕು.”

ಸಿದ್ಧ ಸರಕಿನಲ್ಲಿ ದಾಸ್ತಾನು, ಬಿಲ್ಲು, ತೆರಿಗೆ ಎಲ್ಲ ಇವೆ. ಮಾವನ ಮುಲಾಜು ಮಾತ್ರ ಇಲ್ಲ, ಒಪ್ಪಬೇಕು. ಕೆಲಸದ ರೀತಿಯೇ ಬೇರೆಯಾಗಿದ್ದು, ಲಾಭ ಅದರಲ್ಲೇ ಇದ್ದರೆ ಹೊಲಿಸುವುದು ಸರಿ. ಆದರೆ ಖರ್ಚು ಮೊದಲ ಬಿಲ್ಲಿಗೆ ಮುಗಿಯುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು: 2,500 ರೂಪಾಯಿವರೆಗಿನ ಉಡುಪಿಗೆ ಶೇ. 5, ಮೇಲಿನದಕ್ಕೆ ಶೇ. 18. ಇಂಥ ಹೊತ್ತಿನಲ್ಲಿ ಸಿದ್ಧ ತಂತ್ರಾಂಶದ ತಿದ್ದುಪಡಿ ಬಹುಪಾಲು ತಯಾರಕರ ತಲೆನೋವು. ಹೊಲಿಸಿದ್ದಾದರೆ, ಬರೆದ ಹುಡುಗ ಫೋನ್ ಎತ್ತುವವರೆಗೆ ಮಾಲೀಕರದು.

“ಹುಡುಗ ಅಮೆರಿಕಕ್ಕೆ ಹೋದರೆ?”

“ಕರಾರುಪತ್ರ ಬರೆಸ್ಕೋತೀನಿ.”

“ಪತ್ರ ಇಟ್ಕೊಂಡು ಏನ್ಮಾಡ್ತೀರಿ? ಸೋರ್ಸ್ ಕೋಡ್ ಕೈಗೆ ಬರಬೇಕು.”

“ಬಂದರೆ ಓದೋರು ಯಾರು?”

ಗುಮಾಸ್ತರು ಟೇಪು ಮಡಚಿಟ್ಟರು. ಕೊನೆಗೆ ಟ್ಯಾಲಿಯೇ ಬಂತು. ಷಡ್ಡಕನ ಲೆಕ್ಕಕ್ಕೆ ಹತ್ತು ರೂಪಾಯಿಯ ಕೆಂಪು ಪೆನ್ನು.