ಯೂಸುಫ್ ಆದಿಲ್ ಖಾನನ ಅರ್ಜಿ ವಾಪಸ್

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ, ಗೋಲಗುಮ್ಮಟದ ಎದುರುಬದುರಿಗೆ ಒಂದು ಝೆರಾಕ್ಸ್ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಪಹಣಿ, ಬೆಳೆವಿಮೆ, ಆಧಾರ್ ತಿದ್ದುಪಡಿ, ಎಲ್ಲ ಅರ್ಜಿಗಳನ್ನೂ ಅಲ್ಲೇ ತುಂಬುತ್ತಾರೆ. ಅಲ್ಲಿಗೆ ಯೂಸುಫ್ ಆದಿಲ್ ಖಾನ ಬಂದ, ಭಾರತದ ಪೌರತ್ವ ಬೇಕೆಂದು. 1490ರ ಸುಮಾರಿಗೆ ಈ ಊರಲ್ಲಿ ಆದಿಲಶಾಹಿ ಕಟ್ಟಿದವನು, 1510ರಲ್ಲಿ ತೀರಿಕೊಂಡವನು. ತೀರಿಕೊಂಡದ್ದೇನೂ ಅಡ್ಡಿಯಲ್ಲ, ಪಿಂಚಣಿ ಪಟ್ಟಿಯಲ್ಲಿ ಅಂಥವರು ಸಿಕ್ಕಾರು. ತೊಡಕು ಶುರುವಾದದ್ದು ಮುಂದಿನ ಕಾಲಮಿನಲ್ಲಿ.

"ಒಳಗ ಹ್ಯಾಂಗ್ ಬಂದ್ರಿ?"

"ದಾಭೋಳ ಬಂದರಿಗೆ ಹಡಗಿನಾಗ."

"ಪಾಸ್‌ಪೋರ್ಟ್ ಮ್ಯಾಲ ಸಿಕ್ಕಾ ಐತೇನ್ರಿ?"

ಇಲ್ಲ. ಪಾಸ್‌ಪೋರ್ಟೇ ಇಲ್ಲ. ಇದ್ದದ್ದು ಕತೆಯೊಂದೇ. ಚರಿತ್ರೆಕಾರ ಫೆರಿಶ್ತಾ ಬರೆದಿಟ್ಟ ಪ್ರಕಾರ ಇವನು ತುರ್ಕಿಯ ಸುಲ್ತಾನ ಎರಡನೆಯ ಮುರಾದನ ಮಗ. ಪಟ್ಟಕ್ಕೇರಿದ ಅಣ್ಣ ಕೊಲ್ಲಲು ಹೇಳಿದಾಗ ತಾಯಿ ಗುಲಾಮ ಹುಡುಗನೊಬ್ಬನನ್ನು ಅದಲುಬದಲು ಮಾಡಿ ಇವನನ್ನು ವ್ಯಾಪಾರಿಯ ಕೈಗೆ ಒಪ್ಪಿಸಿದಳಂತೆ. ಪರ್ಷಿಯಾದ ಸಾವಾದಲ್ಲಿ ಬೆಳೆದು, ಗುಲಾಮನೆಂದು ಹೇಳಿಕೊಂಡು ಬಹಮನಿ ಆಸ್ಥಾನ ಸೇರಿದ. ಇಂದಿನ ಹೆಚ್ಚಿನ ಇತಿಹಾಸಕಾರರು ಈ ಕತೆ ನಂಬುವುದಿಲ್ಲ. ಝೆರಾಕ್ಸ್ ಅಂಗಡಿಯವನು ನಂಬಿದ, ಅದೇ ಫಜೀತಿಯಾಯಿತು. ದಾಖಲೆಯಿಲ್ಲದ ಪ್ರವೇಶ, ಸುಳ್ಳು ಗುರುತು, ಮುಚ್ಚಿಟ್ಟ ತಂದೆಯ ಹೆಸರು: ಕುಂತಲ್ಲೇ ಮೂರು ಕೇಸು.

"ನೋಡ್ರಿ ಸಾಹೇಬ್ರ, 1955ರ ಪೌರತ್ವ ಕಾಯ್ದೆಕ 2003ರಾಗ ತಿದ್ದುಪಡಿ ಆಗೇತಿ. ಅಕ್ರಮ ವಲಸಿಗ ಅಂದ್ರ ಅರ್ಜಿನ ಹಾಕಂಗಿಲ್ಲ."

"ಅರ್ಧ ಶತಮಾನದ ಹತ್ತಿರ ಇಲ್ಲೇ ಇದ್ದೆನಲ್ಲ?"

ಹನ್ನೆರಡು ವರ್ಷದ ವಾಸ ಸಾಕು, ನಿಜ. ಆದರೆ ಮೊದಲ ಹೆಜ್ಜೆ ತಪ್ಪಿದ್ದರೆ ಆಮೇಲಿನ ವರ್ಷಗಳೆಲ್ಲ ಸೊನ್ನೆ. ಇಲ್ಲಿಯ ಮರಾಠಾ ಸರದಾರ ಮುಕುಂದರಾವನ ತಂಗಿಯನ್ನು ಮದುವೆಯಾಗಿದ್ದೇನೆ ಎಂದ. ಭಾರತೀಯರನ್ನು ಮದುವೆಯಾದವರಿಗೆ ಏಳು ವರ್ಷಕ್ಕೇ ನೋಂದಣಿ ಉಂಟು, ಅದೂ ಅಕ್ರಮ ವಲಸಿಗನಿಗಿಲ್ಲ. ಎಂಟನೇ ಅನುಸೂಚಿಯ ಒಂದು ಭಾಷೆ ಬರಬೇಕು ಎಂಬ ಷರತ್ತಿಗೆ ಇವನು ಹಲ್ಲು ಕಿರಿದ. ಸದ್ಗುಣಿ ಎಂದು ಇಬ್ಬರು ಭಾರತೀಯರು ಅಫಿಡವಿಟ್ ಕೊಡಬೇಕು. ಫೆರಿಶ್ತಾನನ್ನು ಕರೆಯೋಣವೆಂದರೆ ಆತ ಹುಟ್ಟಿದ್ದು ಕ್ಯಾಸ್ಪಿಯನ್ ಸಮುದ್ರದ ಕಡೆಯ ಅಸ್ತ್ರಾಬಾದಿನಲ್ಲಿ. ಉಂಡದ್ದು ಇದೇ ವಂಶದ ಇಮ್ಮಡಿ ಇಬ್ರಾಹಿಮನ ಅನ್ನ.

ಅಂಗಡಿಯವನು ದಯಾಳು. ಕೊನೆಯ ಬಾಗಿಲನ್ನೂ ತಟ್ಟಿ ನೋಡಿದ. 2019ರ ತಿದ್ದುಪಡಿ ಪ್ರಕಾರ 2014ರ ಡಿಸೆಂಬರ್ 31ರೊಳಗೆ ಬಂದವರಿಗೆ ಹಳೆಯ ತಪ್ಪು ಮಾಫಿ. ಯೂಸುಫ್ ಐದೂವರೆ ಶತಮಾನ ಮೊದಲೇ ಹಾಜರ್. ಆದರೆ ಮಾಫಿ ಮೂರು ದೇಶ, ಆರು ಧರ್ಮಕ್ಕೆ ಮಾತ್ರ. ದೇಶಕ್ಕೊಂದು ಇಂಟು, ಧರ್ಮಕ್ಕೊಂದು ಇಂಟು. ಸಿಂಧನೂರಿನ ನಿರಾಶ್ರಿತ ಕ್ಯಾಂಪುಗಳ ಬಂಗಾಳಿಗಳಲ್ಲಿ ಕೆಲವರಿಗೆ ಇದೇ ಬಾಗಿಲಿನಿಂದ 2024ರಲ್ಲಿ ಕಾಗದ ಕೈಗೆ ಬಂತು. ಅದಕ್ಕೂ ಅವರು ತಲೆ ನರೆಯುವ ತನಕ ಕಾದರು.

ಪಕ್ಕದಲ್ಲಿ ತಿಕೋಟಾದ ದ್ರಾಕ್ಷಿ ಬೆಳೆಗಾರರೊಬ್ಬರು ಸಿಟ್ಟಿನಲ್ಲಿ ನಿಂತಿದ್ದರು. ಅವರ ಅಳಿಯ ಏಜೆಂಟನ ಮಾತು ಕೇಳಿ ಹಿಂದೆಂದೋ ಲಾರಿಯಲ್ಲಿ ಅಡಗಿ ಇಂಗ್ಲೆಂಡ್ ಹೊಕ್ಕವನು, ಆಮೇಲೆ ಕಾಗದ ಸರಿಮಾಡಿಕೊಂಡವನು. ಮೊದಲೆಲ್ಲ ಹತ್ತು ವರ್ಷ ಕಳೆದರೆ ಅಲ್ಲಿ ಅಂಥದ್ದನ್ನು ಮರೆಯುತ್ತಿದ್ದರು. 2025ರ ಫೆಬ್ರುವರಿ 10ರಿಂದ ಹಾಕಿದ ಪೌರತ್ವದ ಅರ್ಜಿಗೆ ಆ ಮರೆವು ಇಲ್ಲ. ಎಷ್ಟು ವರ್ಷವಾಗಿದ್ದರೂ 'ಒಳ್ಳೆಯ ನಡತೆ'ಯಲ್ಲಿ ಸಾಮಾನ್ಯವಾಗಿ ಫೇಲು.

"ಹುಡುಗ ದುಡದಾನ, ಟ್ಯಾಕ್ಸ್ ಕಟ್ಯಾನ. ಹಳೇದೆಲ್ಲ ಕೆದಕತಾರಂದ್ರ ಮನುಷ್ಯಾರೇನ್ರಿ ಅವ್ರು?" ಎಂದವರು ಹಾಗೇ ಯೂಸುಫನ ಕಡೆ ತಿರುಗಿ, "ಇಂಥಾವ್ರನ್ನ ಮೊದಲ ಒದ್ದು ಹೊರಗ ಹಾಕ್ರಿ" ಎಂದರು. ಉಸಿರೊಂದೇ, ನ್ಯಾಯ ಎರಡು. (ಅವರ ತೋಟದ ಥಾಮ್ಸನ್ ದ್ರಾಕ್ಷಿಯ ಮೂಲವೂ ಪರ್ಷಿಯಾ-ತುರ್ಕಿಯ ಕಡೆಯದೇ. ಕ್ಯಾಲಿಫೋರ್ನಿಯಾದಲ್ಲಿ ಹೆಸರು ಬದಲಿಸಿಕೊಂಡು ಬಂದು ತಿಕೋಟಾದಲ್ಲಿ ಒಣದ್ರಾಕ್ಷಿಯಾಗಿ ಒಗ್ಗಿಹೋಗಿದೆ. ಯಾವ ಫಾರ್ಮೂ ತುಂಬಿಲ್ಲ.)

ಬಂದ ಮೇಲೆ ಬಾಗಿಲು ಹಾಕಿಕೊಳ್ಳುವ ಕಲೆ ಇಂಗ್ಲೆಂಡಿನವರದೆಂದು ಯಾರಾದರೂ ಅಂದರೆ ನಾವು ವಿಜಯಪುರದವರು ಒಪ್ಪಬಾರದು. ತನ್ನ ನಿಯಮದಡಿ ತನ್ನ ಅಪ್ಪ-ಅಮ್ಮನಿಗೇ ಪ್ರವೇಶ ಸಿಗದೇ ಹೋಗಬಹುದಿತ್ತು ಎಂದು ಅಲ್ಲಿಯ ಆಗಿನ ಗೃಹಸಚಿವೆ ಪ್ರೀತಿ ಪಟೇಲ್ ಒಪ್ಪಿಕೊಂಡದ್ದು 2020ರಲ್ಲಿ. ನಮ್ಮಲ್ಲಿ ಯೂಸುಫನ ಮೊಮ್ಮಗ ಮೊದಲನೆಯ ಇಬ್ರಾಹಿಂ 1534ರಲ್ಲಿ ಗಾದಿಗೆ ಬಂದವನೇ 'ಆಫಾಕಿ'ಗಳನ್ನು, ಅಂದರೆ ಕಡಲಾಚೆಯಿಂದ ಬಂದವರನ್ನು, ನೌಕರಿಯಿಂದ ಕಿತ್ತೆಸೆದು ದಖನಿಗಳನ್ನು ತುಂಬಿಕೊಂಡ. ಅಜ್ಜ ಯಾವ ಹಡಗಿನಲ್ಲಿ ಬಂದ ಎಂದು ದರಬಾರಿನಲ್ಲಿ ಕೇಳುವ ಧೈರ್ಯ ಯಾರಿಗಿತ್ತು?

ಅಂಗಡಿಯವನು ಅರ್ಜಿ ಮಡಚಿ ಕೊಟ್ಟ. 2025ರ ವಲಸೆ ಕಾಯ್ದೆಯಲ್ಲಿ ಕಾಗದವಿಲ್ಲದೆ ಒಳಬಂದವರಿಗೆ ಐದು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂದು ಮೆಲ್ಲಗೆ ಕಿವಿಯಲ್ಲಿ ಹೇಳಿ, ಝೆರಾಕ್ಸಿನ ದುಡ್ಡು ಇಸಕೊಂಡ.

ಬಂದದ್ದೇ ಬಂದೆ, ಮೊಮ್ಮಗನ ಮರಿಮಗ ಕಟ್ಟಿಸಿದ್ದನ್ನಾದರೂ ನೋಡೋಣ ಎಂದು ಯೂಸುಫ್ ರಸ್ತೆ ದಾಟಿ ಗುಮ್ಮಟದ ಟಿಕೆಟ್ ಕಿಟಕಿಗೆ ಹೋದ. ಭಾರತೀಯರಿಗೆ 25 ರೂಪಾಯಿ, ವಿದೇಶಿಯರಿಗೆ 300.

"ಆಧಾರ್ ತೋರಸ್ರಿ."

ಹಿಂದಿನಿಂದ ಸರದಿಯವರು ನೂಕುತ್ತಿದ್ದರು. ಸುಲ್ತಾನ ಮುನ್ನೂರು ಎಣಿಸಿದ.