ದೋಟಿ ಸಾಹೇಬರ ಮಿಜೆಟ್

ಅಡಿಕೆ ಕೊಯ್ಯುವ ದೋಟಿ ನೋಡಿದವರಿಗೆ ನಮ್ಮ ಪಕ್ಕದ ಮನೆಯವರನ್ನು ಬೇರೆ ವರ್ಣಿಸಬೇಕಾಗಿಲ್ಲ. 6 ಅಡಿ 4 ಅಂಗುಲ. ದೇವರು ಕೊಟ್ಟದ್ದೆಲ್ಲ ಉದ್ದಕ್ಕೇ ಹೋಗಿದೆ, ಅಡ್ಡಕ್ಕೆ ಏನೂ ಉಳಿದಿಲ್ಲ. ಸಾಗರದ ಕಡೆಯಿಂದ ಬಂದು ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ ಮನೆ ಮಾಡಿಕೊಂಡ ನಾನು 5 ಅಡಿ 3 ಅಂಗುಲದವನು. ಅವರ ಮುಖ ನೋಡಿ ಮಾತಾಡುವಾಗೆಲ್ಲ ಕೊನೆ ಹಣ್ಣಾಗಿದೆಯೋ ಎಂದು ತೋಟದಲ್ಲಿ ಕತ್ತೆತ್ತಿ ನಿಂತ ಹಾಗೇ ಆಗುತ್ತದೆ. ಮನೆಯೊಳಗೆ ನಾವು ಅವರಿಗೆ ಇಟ್ಟ ಹೆಸರು ದೋಟಿ ಸಾಹೇಬರು. ಅವರ ಹೆಂಡತಿ, ಸಹಜವಾಗಿ, ದೊರೆಸಾನಿ.

ಇಂಥವರು ಕೊಂಡದ್ದು ಎಂಜಿ ಮಿಜೆಟ್. ಹೆಸರಿನ ಅರ್ಥವೇ ಕುಳ್ಳ!

ಊರಿಗೆ ಫೋನು ಮಾಡಿ ಇದನ್ನು ಹೇಳಿದರೆ ಭಾವ ನಂಬಲಿಲ್ಲ. "ಎಂಜಿ ಅಂದ್ರೆ ದೊಡ್ಡ ಕಾರಲ್ವೇನೋ? ನಮ್ಮ ಬ್ಯಾಂಕಿನ ಮ್ಯಾನೇಜರು ಹೆಕ್ಟರ್ ತಗೊಂಡಿದಾರೆ, ಒಳಗೆ ಮದುವೆ ದಿಬ್ಬಣ ಹಿಡಿಯತ್ತೆ" ಅಂದ. ಆ ಎಂಜಿ ಬೇರೆ ಕಾಲದ್ದು, ಈಗ ಅದರ ಒಡೆತನವೂ ಚೀನಾದ್ದು. ಹಳೆಯ ಎಂಜಿ ಅಂದರೆ ಮಾರಿಸ್ ಗರಾಜಸ್. 1929ರಿಂದ 1980ರವರೆಗೆ ಅದರ ಕಾರ್ಖಾನೆ ಇದ್ದದ್ದು ನಮ್ಮ ಈ ಆಬಿಂಗ್ಡನ್ನಿನಲ್ಲೇ. ಮಿಜೆಟ್ 1961ರಲ್ಲಿ ಹುಟ್ಟಿ 1979ರವರೆಗೆ ಇಲ್ಲೇ ತಯಾರಾಯಿತು. ಸಾಹೇಬರದು 1972ರ ಗಾಡಿ, 1275 ಸಿಸಿ. ಚಿಕ್ಕಂದಿನಲ್ಲಿ ಅವರ ಮನೆಯ ಮುಂದೆಯೇ ಹೊಚ್ಚ ಹೊಸ ಮಿಜೆಟ್‌ಗಳು ಹಾದುಹೋಗುತ್ತಿದ್ದವಂತೆ. ಆಗ ಆಸೆಯಿತ್ತು, ದುಡ್ಡಿರಲಿಲ್ಲ. ದುಡ್ಡು ಬರುವಷ್ಟರಲ್ಲಿ ಕಾಲು ಬೆಳೆದಿತ್ತು.

ಕಾರು ಉದ್ದದಲ್ಲಿ ನಮ್ಮ ಮಾರುತಿ 800ಕ್ಕಿಂತ ತುಸು ಹೆಚ್ಚೇ ಇದೆ, ಸುಮಾರು ಮೂರೂವರೆ ಮೀಟರು. ಆ ಮಾರುತಿಯಲ್ಲಿ ನಾವು ಐದು ಜನ, ಎರಡು ಮಕ್ಕಳು, ಒಂದು ಹಲಸಿನಹಣ್ಣು ಸಮೇತ ಸಿಗಂದೂರಿಗೆ ಹೋಗಿ ಬಂದವರು. ಮಿಜೆಟ್‌ನಲ್ಲಿ ಮಾತ್ರ ಮೂತಿಯೇ ಅರ್ಧ ಜಾಗ ನುಂಗಿದೆ. ಉಳಿದದ್ದರಲ್ಲಿ ಎರಡು ಸೀಟು, ನಡುವೆ ಗೇರ್‌ಬಾಕ್ಸಿನ ದಿಬ್ಬ, ಕಾಲಿಡುವ ಕಡೆ ಮುಂದಿನ ಚಕ್ರದ ಗೂಡು. ಪೆಡಲುಗಳಿಗೆ ಮಿಕ್ಕಿದ್ದು ಒಂದು ಬಿಲ. ಸಾಹೇಬರ ಬೂಟಿನಲ್ಲಿ ಬ್ರೇಕು ಒತ್ತಿದರೆ ಆಕ್ಸಿಲರೇಟರೂ ಜೊತೆಗೇ ಇಳಿಯುತ್ತದೆ. ನಿಲ್ಲಬೇಕೆಂದಾಗ ಕಾರು ಇನ್ನಷ್ಟು ಉತ್ಸಾಹದಿಂದ ಗರ್ಜಿಸುತ್ತಿತ್ತು.

ಮೊದಲ ದಿನ ಅವರು ಒಳಹೊಕ್ಕದ್ದನ್ನು ನಮ್ಮ ಬೀದಿಯೇ ನಿಂತು ನೋಡಿತು. ಬಲಿಯ ಯಜ್ಞಶಾಲೆಯಲ್ಲಿ ವಾಮನ ತ್ರಿವಿಕ್ರಮನಾದ. ಇಲ್ಲಿ ತ್ರಿವಿಕ್ರಮ ವಾಮನನಾಗಬೇಕು, ಅದೂ ಬಾಗಿಲ ಸಂದಿಯಲ್ಲಿ. ಮೊದಲು ಎಡಗಾಲು, ಆಮೇಲೆ ಸೊಂಟ, ಆಮೇಲೆ ಸ್ವಲ್ಪ ಯೋಚನೆ. ಕೊನೆಗೆ ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡರು, ಬೇರೆ ಯಾರದೋ ಸಾಮಾನು ಎಂಬಂತೆ. ಗಾಜಿನ ಮೇಲಂಚಿನ ಪಟ್ಟಿ ಸರಿಯಾಗಿ ಕಣ್ಣಿನ ನೇರಕ್ಕೆ. ಸಿಗ್ನಲ್ ಹಸಿರಾಯಿತೇ ಎಂದು ನೋಡಲು ದೇವರ ಮುಂದೆ ತಲೆ ತಗ್ಗಿಸಿದಂತೆ ತಗ್ಗಿಸಬೇಕು. ಮಂಡಿಗಳು ಸ್ಟೀರಿಂಗಿನ ಎರಡು ಬದಿಗೆ ಕಾವಲುಗಾರರಂತೆ ನಿಂತಿದ್ದವು.

"ಬಹಳ ಆರಾಮಾಗಿದೆ" ಎಂದರು.

ಹೀಗೆ ಹೇಳುವವರನ್ನು ನೀವೂ ಕಂಡಿರುತ್ತೀರಿ. ಒಂದು ನಂಬರು ಚಿಕ್ಕ ಚಪ್ಪಲಿ ಕೊಂಡು "ಹಾಕ್ತಾ ಹಾಕ್ತಾ ಬಿಡುತ್ತೆ" ಎನ್ನುವ ವಂಶ ಅದು. ಚಪ್ಪಲಿ ಬಿಡುವುದಿಲ್ಲ, ಕಾಲಿನ ಚರ್ಮ ಬಿಡುತ್ತದೆ. ಸಾಹೇಬರು ಆ ವಂಶದಲ್ಲೇ ಸ್ವಲ್ಪ ಮೇಲಿನ ಕವಲು. ಅವರ ಜೇಬಿನಲ್ಲಿ ಸದಾ ಒಂದು ಅಳತೆ ಟೇಪು ಇರುತ್ತದೆ.

ಎತ್ತರದವರಲ್ಲಿ ಎರಡು ಪಂಗಡ ಎಂದು ನನಗೆ ಕಲಿಸಿದವರು ಅವರೇ. ಕಾಲುದ್ದದವರು, ಬೆನ್ನುದ್ದದವರು. ಕಾಲುದ್ದದವರಿಗೆ ಸೀಟು ಹಿಂದಕ್ಕೆ ಹೋಗಬೇಕು, ಬೆನ್ನುದ್ದದವರಿಗೆ ಕೆಳಕ್ಕೆ. ಒಂದು ಪಂಗಡದ ಔಷಧಿ ಇನ್ನೊಂದಕ್ಕೆ ವಿಷ. ಸೀಟು ಕೆಳಗಿಳಿದರೆ ತಲೆಗೆ ಜಾಗ ಸಿಗುತ್ತದೆ, ಮಂಡಿ ಮಾತ್ರ ಇನ್ನೂ ಮೇಲೇಳುತ್ತದೆ. ಬೆನ್ನೊರಗನ್ನು ವಾಲಿಸಿದರೆ ತಲೆ ತಗ್ಗುತ್ತದೆ, ಕೈಗೆ ಸ್ಟೀರಿಂಗು ನಿಲುಕುವುದಿಲ್ಲ. "ನೀವು ಯಾವ ಪಂಗಡ?" ಎಂದೆ. "ಎರಡೂ" ಎಂದು ನಿಟ್ಟುಸಿರುಬಿಟ್ಟರು. ಆ ನಿಟ್ಟುಸಿರಿನಲ್ಲಿ ಹೆಮ್ಮೆಯೇ ಹೆಚ್ಚಿತ್ತು.

ಕೆಲಸ ಶುರುವಾಯಿತು. ಸ್ಟೀರಿಂಗಿನ ದೊಡ್ಡ ಚಕ್ರ ಹೋಗಿ 13 ಅಂಗುಲದ್ದು ಬಂತು, ತೊಡೆಗೆ ಬಿಡುಗಡೆ. ತೋಳಿಗೆ ಶಿಕ್ಷೆ, ಏಕೆಂದರೆ ಚಕ್ರ ಚಿಕ್ಕದಾದಷ್ಟೂ ತಿರುಗಿಸಲು ಬಲ ಜಾಸ್ತಿ ಬೇಕು. ಬೂಟಿನ ಬದಲು ತೆಳು ಅಟ್ಟೆಯ ಕ್ಯಾನ್ವಾಸ್ ಶೂ ಬಂತು. ಸೀಟಿನ ಹೊಲಿಗೆ ಬಿಚ್ಚಿ ಒಳಗಿನ ಫೋಮನ್ನು ಬ್ರೆಡ್ಡು ಕೊಯ್ಯುವ ಚಾಕುವಿನಿಂದ ಹೋಳು ಹೋಳಾಗಿ ತೆಗೆದರು. ಚಾಕು ಕಾಣೆಯಾದದ್ದು ದೊರೆಸಾನಿಗೆ ಮರುದಿನ ಬೆಳಿಗ್ಗೆ ತಿಳಿಯಿತು, ನಮಗೆ ಗೋಡೆಯ ಮೂಲಕ ತಿಳಿಯಿತು. ಫೋಮು ತೆಗೆದರೂ ಸಾಲಲಿಲ್ಲ. ಸೀಟು ಹಿಂದೆ ಮುಂದೆ ಜಾರುವ ಹಳಿಗಳನ್ನೇ ಕಿತ್ತು, ಸೀಟನ್ನು ಎಷ್ಟು ಸಾಧ್ಯವೋ ಅಷ್ಟು ಹಿಂದೆ ಒತ್ತಿ ನೆಲಕ್ಕೇ ಬೋಲ್ಟು ಹಾಕಿದರು. ಮಿಜೆಟ್‌ಗೆ ಬೇರೆ ಷಾಸಿ ಇಲ್ಲ, ನೆಲದ ತಗಡೇ ಅದರ ಬೆನ್ನೆಲುಬು. ಅಪಘಾತದಲ್ಲಿ ಬೋಲ್ಟು ಕಿತ್ತು ಬರಬಾರದೆಂದು ಅಡಿಯಲ್ಲಿ ದಪ್ಪ ಉಕ್ಕಿನ ಪಟ್ಟಿ ಕೊಡಬೇಕು. ಅದನ್ನು ಕೊಟ್ಟರು. ಈ ವಿಷಯದಲ್ಲಿ ಅವರು ನಿಜಕ್ಕೂ ಜವಾಬ್ದಾರಿಯ ಮನುಷ್ಯ.

ನಮ್ಮಲ್ಲಿ ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ ಎಂದು ಒಮ್ಮೆ ಬಾಯಿತಪ್ಪಿ ಹೇಳಿದೆ. ಟೇಪು ಹೊರಗೆ ತೆಗೆದು, "ಹಾಸಿಗೆ ಎಷ್ಟು ಅಂಗುಲ?" ಎಂದು ಕೇಳಿದರು.

ಇಷ್ಟಾದರೂ ಮಳೆ ಬಂದು ಬಟ್ಟೆಯ ಮಾಡು ಏರಿಸಿದರೆ ತಲೆ ತಾಗುತ್ತಿತ್ತು. ಇಂಗ್ಲೆಂಡಿನಲ್ಲಿ ಮಳೆ ಬಂದರೆ ಎನ್ನುವುದೇ ತಪ್ಪು, ಬಿಟ್ಟರೆ ಎನ್ನಬೇಕು. ಇಲ್ಲಿ ಸಾಹೇಬರಿಗೆ ಆರಾಧ್ಯ ದೈವದ ನೆನಪಾಯಿತು: ಅಮೆರಿಕದ ರೇಸುಗಾರ ಡ್ಯಾನ್ ಗರ್ನಿ, ಅವರೂ ಇದೇ ಎತ್ತರದವರು. ಫೋರ್ಡ್ ಜಿಟಿ40 ಕಾರಿನ ಹೆಸರಿನಲ್ಲಿರುವ 40 ಅದರ ಎತ್ತರ, ಅಂಗುಲಗಳಲ್ಲಿ. ಅದರಲ್ಲಿ ಗರ್ನಿಯ ಹೆಲ್ಮೆಟ್ಟು ಹಿಡಿಸದೆ ಚಾವಣಿಯ ಮೇಲೆ ಒಂದು ಗುಬುಟು ಎಬ್ಬಿಸಿದರು. ಅಂಥದೇ ಗುಬುಟಿದ್ದ ಕಾರಿನಲ್ಲಿ ಅವರು 1967ರಲ್ಲಿ ಲ ಮಾನ್ ಓಟ ಗೆದ್ದರು. ಗುಬುಟಿಗೆ ಇವತ್ತಿಗೂ ಗರ್ನಿಯದೇ ಹೆಸರು.

ಸಾಹೇಬರು ದೊರೆಸಾನಿಯನ್ನು ಕಾಡಿ ಬೇಡಿ ಮಾಡಿನ ಬಟ್ಟೆಗೆ ಒಂದು ಟೊಪ್ಪಿ ಹೊಲಿಸಿದರು. ಹೊರಗಿನಿಂದ ನೋಡಿದರೆ ಕಾರೇ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೆ ಹೊರಟಂತೆ. ತಲೆ ಒಳಗಿರುವಾಗ ಗುಬುಟು ಮೇಲೆದ್ದಿರುತ್ತದೆ. ಇಳಿದು ಹೋದಾಗ ಕುಸಿದು ಬಟ್ಟಲಾಗುತ್ತದೆ. ಆಗ ಮಳೆ ನೀರು ತುಂಬುತ್ತದೆ, ಸುಮಾರು ಒಂದು ತಂಬಿಗೆ. ವಾಪಸು ಬಂದು ಕೂತು ತಲೆಯೆತ್ತಿದೊಡನೆ ಅಷ್ಟೂ ಪಕ್ಕದ ಕಿಟಕಿಯಿಂದ ಒಳಕ್ಕೆ. ತಲೆ ಒಣಗಿಯೇ ಇರುತ್ತಿತ್ತು, ಒದ್ದೆಯಾಗುತ್ತಿದ್ದದ್ದು ತೊಡೆ.

ಆದರೂ ಎರಡು ವರ್ಷದ ಮೇಲೆ ಒಂದು ದಿನ ಸಾಹೇಬರು ಕಾರಿನಲ್ಲಿ ನಿಜವಾಗಿ ಹಿಡಿಸಿದರು. ಮಂಡಿ ತಾಗಲಿಲ್ಲ, ತಲೆ ತಾಗಲಿಲ್ಲ, ಸಿಗ್ನಲ್ಲೂ ಕಂಡಿತು. ನನಗೆ ಸಂತೋಷವಾಯಿತು. ಅವರ ಮುಖದಲ್ಲಿ ಮಾತ್ರ ಮಗಳ ಮದುವೆ ಮುಗಿಸಿ ಚಪ್ಪರ ಬಿಚ್ಚುವವರ ಕಳೆ. ಸಂಜೆ ಹೊತ್ತು ಗರಾಜಿನ ದೀಪ ಉರಿಯಲಿಲ್ಲ. ದೊರೆಸಾನಿ ಬೇಲಿಯಾಚೆಯಿಂದ, "ಈಗ ದಿನವೆಲ್ಲ ಮನೆಯೊಳಗೇ ಇರುತ್ತಾರೆ" ಎಂದು ಆತಂಕದಿಂದ ಹೇಳಿದರು.

ಮುಂದಿನ ತಿಂಗಳು, ಗರಾಜಿನಲ್ಲಿ ಬಗ್ಗಿ ಬಗ್ಗಿ ಮಾಡಿದ ಕೆಲಸದ ಬಾಕಿಯೆಲ್ಲ ಸೇರಿ, ಅವರ ಸೊಂಟ ಹಿಡಿದುಕೊಂಡಿತು. ನಲವತ್ತು ದಾಟಿದ ಕಾರಿಗೆ ಇಲ್ಲಿನ ಸರಕಾರ ರಸ್ತೆ ತೆರಿಗೆಯಿಂದ ವಿನಾಯಿತಿ ಕೊಡುತ್ತದೆ, ಅರವತ್ತು ದಾಟಿದ ಸೊಂಟಕ್ಕೆ ಯಾರೂ ಏನೂ ಕೊಡುವುದಿಲ್ಲ. ಅದೇ ಭಾನುವಾರ ಪಕ್ಕದ ಹಳ್ಳಿಯಲ್ಲಿ ಹಳೆ ಕಾರುಗಳ ಕೂಟ. ತಪ್ಪಿಸುವ ಹಾಗಿಲ್ಲ. "ನೀವು ಓಡಿಸುತ್ತೀರಾ?" ಎಂದು ನನ್ನನ್ನು ಕೇಳಿದರು.

ಒಳಗೆ ಕೂತೆ. ಕೂತೆ ಎನ್ನುವುದಕ್ಕಿಂತ ಬಾವಿಗೆ ಬಿದ್ದೆ ಎನ್ನಬಹುದು. ಕಣ್ಣೆದುರು ಸ್ಪೀಡೋಮೀಟರು, ಅದರ ಮೇಲೆ ಆಕಾಶ. ಕ್ಲಚ್ಚು ಎಲ್ಲೋ ದೂರದ ಊರಿನಲ್ಲಿದೆ. ಸೀಟನ್ನು ಮುಂದೆ ಎಳೆಯೋಣವೆಂದರೆ ಹಳಿಯೇ ಇಲ್ಲ. ಆಗ ದೊರೆಸಾನಿ ಅಟ್ಟದಿಂದ ಒಂದು ಚೀಲ ತಂದರು. ಸಾಹೇಬರು ಕೊಯ್ದು ತೆಗೆದ ಫೋಮಿನ ಹೋಳುಗಳು, ಎಲ್ಲವೂ ಹಾಗೇ ಇದ್ದವು. ಎರಡು ಕೆಳಗೆ, ಮೂರು ಬೆನ್ನ ಹಿಂದೆ ಇಟ್ಟಮೇಲೆ ನನಗೆ ರಸ್ತೆ ಕಂಡಿತು, ಕಾಲಿಗೆ ಕ್ಲಚ್ಚು ಸಿಕ್ಕಿತು.

ಸಾಹೇಬರು ಆಚೆಯ ಬಾಗಿಲಿನಿಂದ ಹತ್ತಿ ಪಕ್ಕದ ಸೀಟಿನಲ್ಲಿ ಕೂತರು. ಆ ಸೀಟಿಗೆ ಈವರೆಗೆ ಯಾರೂ ಕೈ ಹಚ್ಚಿರಲಿಲ್ಲ. ಹಳಿ, ಫೋಮು ಎಲ್ಲ 1972ರದ್ದೇ. ಮಂಡಿ ಗದ್ದಕ್ಕೆ ತಾಗಿತು, ತಲೆ ಗಾಜಿನ ಪಟ್ಟಿಗಿಂತ ಮೇಲೆ ಹೋಯಿತು, ಸೊಂಟ ಚುಳುಕ್ಕೆಂದಿತು. ನೋವಿನಿಂದ ಒಮ್ಮೆ ಕಣ್ಣು ಮುಚ್ಚಿದವರು ತೆರೆದಾಗ ತಿಂಗಳಿಂದ ಕಾಣೆಯಾಗಿದ್ದ ಬೆಳಕು ಆ ಮುಖಕ್ಕೆ ವಾಪಸು ಬಂದಿತ್ತು.

ನಾನು ಮೊದಲ ಗೇರು ಹಾಕುವಷ್ಟರಲ್ಲಿ ಅವರು ಜೇಬಿನಿಂದ ಟೇಪು ತೆಗೆದಿದ್ದರು.